ಬೈಬಲ್ ಓದುವುದನ್ನು ಮುಂದಿನ ಭಾನುವಾರದಿಂದ ಶುರು ಮಾಡಿ

ಬೈಬಲ್ ಓದಬೇಕು ಅಂತ ಮನಸ್ಸು ಮಾಡಿದ ಕಥೋಲಿಕರಲ್ಲಿ ಬಹಳ ಜನ ಒಂದೇ ಜಾಗದಲ್ಲಿ ನಿಂತುಬಿಡುತ್ತಾರೆ. ಮೊದಲ ಪುಟದಿಂದ ಶುರು ಮಾಡುತ್ತಾರೆ. ಆದಿಕಾಂಡ ಕಥೆಯ ಹಾಗೆ ಓದಿಸಿಕೊಂಡು ಹೋಗುತ್ತದೆ, ವಿಮೋಚನಾಕಾಂಡದಲ್ಲಿ ಸಮುದ್ರ ದಾಟುವವರೆಗೂ ಏನೂ ತೊಂದರೆ ಇಲ್ಲ, ಆಮೇಲೆ ಗುಡಾರದ ಅಳತೆ, ಪರದೆಯ ಬಣ್ಣ, ಯಾವ ಬಲಿಗೆ ಯಾವ ಪ್ರಾಣಿ ಅನ್ನುವ ವಿವರ ಶುರುವಾಗುತ್ತದೆ, ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಪುಸ್ತಕ ಮತ್ತೆ ಕಪಾಟು ಸೇರಿರುತ್ತದೆ. ನನಗೂ ಎರಡು ಸಲ ಹೀಗೇ ಆಯಿತು. ಎರಡನೇ ಸಲ ನಿಲ್ಲಿಸಿದಾಗ ತುಂಬಾ ಬೇಜಾರಾಗಿತ್ತು. ನನಗೆ ಭಕ್ತಿ ಸಾಲದು ಅಂದುಕೊಂಡಿದ್ದೆ.

ಆಮೇಲೆ ಗೊತ್ತಾಯಿತು, ನಾನು ಬಾಗಿಲು ಹುಡುಕಿದ ಜಾಗವೇ ಬೇರೆ ಅಂತ. ಬೈಬಲ್ ಒಂದು ಪುಸ್ತಕದ ಹಾಗೆ ಕಂಡರೂ ಅದೊಂದು ಗ್ರಂಥಾಲಯ. ಗ್ರಂಥಾಲಯಕ್ಕೆ ಹೋಗಿ ಮೊದಲ ಕಪಾಟಿನ ಮೊದಲ ಪುಸ್ತಕದಿಂದ ಸಾಲಾಗಿ ಯಾರೂ ಓದುವುದಿಲ್ಲ, ಅಲ್ವಾ? ಇನ್ನೊಂದು ವಿಷಯ. ಈ ಬರಹಗಳು ಒಟ್ಟಿಗೆ ಹೊಲಿದ ಒಂದು ಪುಸ್ತಕ ಆಗುವ ಎಷ್ಟೋ ಮೊದಲೇ ಆರಾಧನೆಯಲ್ಲಿ ಗಟ್ಟಿಯಾಗಿ ಓದಿ ಕೇಳಿಸುವ ಬರಹಗಳಾಗಿದ್ದವು. ಸಂತ ಪೌಲ ತನ್ನ ಪತ್ರವನ್ನು ಸಹೋದರರಿಗೆಲ್ಲ ಓದಿ ಹೇಳಿ ಅಂತ ಕೇಳಿಕೊಳ್ಳುತ್ತಾನೆ. ಎರಡನೇ ಶತಮಾನದ ಮಧ್ಯದಲ್ಲಿ ರೋಮ್‌ನಲ್ಲಿದ್ದ ಸಂತ ಜಸ್ಟಿನ್ ಭಾನುವಾರದ ಸಭೆಯನ್ನು ವಿವರಿಸಿದ್ದಾನೆ: ಪ್ರೇಷಿತರ (ಯೇಸು ಕಳಿಸಿದ ಶಿಷ್ಯರ) ನೆನಪುಗಳನ್ನೋ ಪ್ರವಾದಿಗಳ ಬರಹವನ್ನೋ ಸಮಯ ಇರುವಷ್ಟು ಹೊತ್ತು ಓದುತ್ತಾರೆ, ಸಭೆ ನಡೆಸುವವನು ಅದರ ಮೇಲೆ ಮಾತನಾಡುತ್ತಾನೆ, ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ, ಆಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸ ತರುತ್ತಾರೆ. ಇವತ್ತಿನ ಬಲಿಪೂಜೆ, ಅಂದರೆ ಚರ್ಚಿನ ಭಾನುವಾರದ ಆರಾಧನೆಯೂ ಇದೇ ಕ್ರಮದಲ್ಲಿ ನಡೆಯುತ್ತದೆ.

ಹಾಗಾಗಿ ನಾನು ಹೇಳುವುದು ಇಷ್ಟು. ಬೈಬಲನ್ನು ಪೂಜೆಯ ಕಡೆಯಿಂದ ಓದಿ. ಮುಂದಿನ ಭಾನುವಾರದ ಶುಭಸಂದೇಶ, ಅಂದರೆ ಯೇಸುವಿನ ಬದುಕು ಹೇಳುವ ಭಾಗ, ಯಾವುದು ಅಂತ ನೋಡಿ, ಇಡೀ ವಾರ ಅದೊಂದನ್ನೇ ಇಟ್ಟುಕೊಳ್ಳಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಇಷ್ಟು ಕಡಿಮೆಯಾ ಅನ್ನಿಸಬಹುದು. ಮಾಡಿ ನೋಡಿ.

ಮೊದಲು ಪುಸ್ತಕ

ನಿಮ್ಮ ಹತ್ತಿರ ಇರುವ ಬೈಬಲ್‌ನ ಪರಿವಿಡಿ ತೆರೆದು ಎಣಿಸಿ. ಕಥೋಲಿಕ ಬೈಬಲ್‌ನಲ್ಲಿ 73 ಗ್ರಂಥಗಳಿವೆ, ಹಳೆಯ ಒಡಂಬಡಿಕೆಯಲ್ಲಿ 46, ಹೊಸದರಲ್ಲಿ 27. ಎಣಿಕೆ 66ಕ್ಕೆ ನಿಂತರೆ ತೊಬೀತ, ಯೂದಿತ, ಮಕ್ಕಬಿಯರ ಎರಡು ಗ್ರಂಥಗಳು, ಜ್ಞಾನಗ್ರಂಥ, ಸಿರಾಖ, ಬಾರೂಕ, ಈ ಏಳು ಅದರಲ್ಲಿಲ್ಲ ಅಂತ ಅರ್ಥ. ಎಸ್ತೇರ ಮತ್ತು ದಾನಿಯೇಲ ಗ್ರಂಥಗಳ ಕೆಲವು ಭಾಗಗಳೂ ಇರುವುದಿಲ್ಲ. ನಾಲ್ಕನೇ ಶತಮಾನದ ಕೊನೆಯಲ್ಲಿ ಹಿಪ್ಪೊ ಮತ್ತು ಕಾರ್ಥೇಜ್ ಸಭೆಗಳು ಒಪ್ಪಿದ ಪಟ್ಟಿಯಲ್ಲೇ ಇವೆಲ್ಲ ಇದ್ದವು. 1546ರಲ್ಲಿ ಟ್ರೆಂಟ್ ಮಹಾಸಭೆ ಅದನ್ನೇ ಖಚಿತವಾಗಿ ಘೋಷಿಸಿತು. ಇದು ಸುಮ್ನೆ ಲೆಕ್ಕದ ವಿಷಯವಲ್ಲ. ಪವಿತ್ರ ಕುಟುಂಬದ ಹಬ್ಬದಲ್ಲಿ ಸಿರಾಖನ 3ನೇ ಅಧ್ಯಾಯದಿಂದ, ವಯಸ್ಸಾದ ತಂದೆಯನ್ನು ನೋಡಿಕೊಳ್ಳುವ ಬಗ್ಗೆ ಓದುವ ಭಾಗವಿದೆ. ಆ ಗ್ರಂಥವೇ ಇಲ್ಲದ ಬೈಬಲ್‌ನಲ್ಲಿ ಅದನ್ನು ಎಲ್ಲಿ ಹುಡುಕುತ್ತೀರಿ?

ಮೊದಲ ಪುಟಗಳಲ್ಲಿ ಧರ್ಮಸಭೆಯ ಅನುಮತಿಯ ಒಂದು ಸಾಲು ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಅಡಿಟಿಪ್ಪಣಿ ಇರುವ ಆವೃತ್ತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅಂಚಿನಲ್ಲಿ ಜಾಗ ಇದ್ದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಫೋನ್‌ನಲ್ಲಿ ಓದುವುದು ತಪ್ಪೇನಲ್ಲ. ಆದರೆ ಫೋನ್‌ನಲ್ಲಿ ಹಿಂದಿನ ಪುಟ, ಮುಂದಿನ ಪುಟ ಕಣ್ಣಿಗೆ ಬೀಳುವುದಿಲ್ಲ. ಒಂದು ಭಾಗದ ಅಕ್ಕಪಕ್ಕ ಏನಿದೆ ಅನ್ನುವುದರಲ್ಲೇ ಅರ್ಧ ಅರ್ಥ ಇರುತ್ತದೆ. ಅದಕ್ಕೇ ನಾನು ಕಾಗದದ ಪುಸ್ತಕ ಬಿಟ್ಟಿಲ್ಲ.

ಕೀರ್ತನೆಗಳ ಸಂಖ್ಯೆ ಮಾತ್ರ ಸ್ವಲ್ಪ ಗೊಂದಲ ಮಾಡುತ್ತದೆ. ಪ್ರಭು ನನ್ನ ಕುರುಬ ಅನ್ನುವ ಕೀರ್ತನೆ ಹೀಬ್ರೂ ಎಣಿಕೆಯಲ್ಲಿ 23, ಹಳೆಯ ಲ್ಯಾಟಿನ್ ಎಣಿಕೆಯಲ್ಲಿ 22. ಎಲ್ಲಾದರೂ ಒಂದು ಸಂಖ್ಯೆ ಆಚೀಚೆ ಕಂಡರೆ ಗಾಬರಿ ಬೇಡ.

ಈ ಭಾನುವಾರ ಯಾವ ಭಾಗ?

ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಎ ವರ್ಷದಲ್ಲಿ ಮತ್ತಾಯ, ಬಿ ವರ್ಷದಲ್ಲಿ ಮಾರ್ಕ, ಸಿ ವರ್ಷದಲ್ಲಿ ಲೂಕ. ಯೊವಾನ್ನನಿಗೆ ಸ್ವಂತ ವರ್ಷ ಇಲ್ಲ. ಆದರೆ ಪಾಸ್ಕ ಹಬ್ಬದ (ಈಸ್ಟರ್) ಮುಂಚಿನ ತಪಸ್ಸುಕಾಲ ಮತ್ತು ಆಮೇಲಿನ ಪಾಸ್ಕಕಾಲದಲ್ಲಿ ಅವನದೇ ಜಾಸ್ತಿ, ಜೊತೆಗೆ ಬಿ ವರ್ಷದ ಮಧ್ಯದಲ್ಲಿ ಐದು ಭಾನುವಾರ ಯೊವಾನ್ನ 6ನೇ ಅಧ್ಯಾಯ, ಅಂದರೆ ಜೀವದ ರೊಟ್ಟಿಯ ಮಾತು ಬರುತ್ತದೆ. ಈಗ ಯಾವ ವರ್ಷ ನಡೆಯುತ್ತಿದೆ ಅಂತ ತಿಳಿಯಲು ಸುಲಭದ ಲೆಕ್ಕ ಇದೆ. ಇಸವಿಯ ಅಂಕಿಗಳನ್ನು ಕೂಡಿಸಿ 3ರಿಂದ ಭಾಗಿಸಿ. ಒಂದು ಉಳಿದರೆ ಎ, ಎರಡು ಉಳಿದರೆ ಬಿ, ಏನೂ ಉಳಿಯದಿದ್ದರೆ ಸಿ. 2026 ಅಂದರೆ 10, ಒಂದು ಉಳಿಯಿತು, ಎ ವರ್ಷ. ಒಂದು ಮಾತು ನೆನಪಿರಲಿ, ಪೂಜಾವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ. ಅಲ್ಲಿಂದಲೇ ಮುಂದಿನ ಇಸವಿಯ ಲೆಕ್ಕ ಹಿಡಿಯಬೇಕು.

ಈ ಮೂರು ವರ್ಷದ ಕ್ರಮ ಬಂದದ್ದು ಲೋಕದ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರ ಆಗಮನ ಕಾಲದಿಂದ. ವಾಕ್ಯದ ಮೇಜಿನ ಮೇಲೆ ಜನರಿಗೆ ಧಾರಾಳವಾಗಿ ಬಡಿಸಿ ಅನ್ನುವುದು ಮಹಾಸಭೆಯ ಆಸೆ. ಅದಕ್ಕೂ ಮುಂಚೆ ಒಂದೇ ವರ್ಷದ ಸುತ್ತು ಇತ್ತು, ಹಳೆಯ ಒಡಂಬಡಿಕೆಯಿಂದ ಭಾನುವಾರ ಕೇಳಿಸುತ್ತಿದ್ದದ್ದು ಬಹಳ ಕಡಿಮೆ.

ಒಂದು ವಾರ, ಏಳು ವಚನ

ಈಗ ನಿಜವಾದ ಕೆಲಸ. ಉದಾಹರಣೆಗೆ ಮಾರ್ಕ 10:46-52 ತೆಗೆದುಕೊಳ್ಳೋಣ, ಬಿ ವರ್ಷದ 30ನೇ ಸಾಧಾರಣ ಭಾನುವಾರದ (ಹಬ್ಬದ ಕಾಲಗಳ ಹೊರಗಿನ ಭಾನುವಾರ) ಶುಭಸಂದೇಶ. ಬರೀ ಏಳು ವಚನ. ಜೆರಿಕೊ ಊರಿನ ಹೊರಗೆ ದಾರಿಯ ಪಕ್ಕ ಬಾರ್ತಿಮಾಯ ಅನ್ನುವ ಕುರುಡ ಭಿಕ್ಷುಕ ಕೂತಿದ್ದಾನೆ. ಯೇಸು ಬರುತ್ತಿದ್ದಾರೆ ಅಂತ ಕೇಳಿ ಕೂಗುತ್ತಾನೆ.

ಸೋಮವಾರ ಗಟ್ಟಿಯಾಗಿ ಎರಡು ಸಲ ಓದಿ. ಟಿಪ್ಪಣಿ ನೋಡಬೇಡಿ, ಪಾಠ ಹುಡುಕಬೇಡಿ. ಓದುವ ಮುಂಚೆ ಶಿಲುಬೆಯ ಗುರುತು ಹಾಕಿ ಪವಿತ್ರಾತ್ಮರನ್ನು ಕರೆಯಿರಿ. ಬಾಲಕ ಸಮುವೇಲ ಹೇಳಿದ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ: ಮಾತಾಡು ಪ್ರಭುವೇ, ನಿನ್ನ ದಾಸ ಕೇಳುತ್ತಿದ್ದಾನೆ. ಗಟ್ಟಿಯಾಗಿ ಯಾಕೆ ಅಂದರೆ, ಮನಸ್ಸಿನಲ್ಲಿ ಓದಿದರೆ ಕಣ್ಣು ಗೊತ್ತಿರುವ ಸಾಲನ್ನು ಹಾರಿಸಿಬಿಡುತ್ತದೆ, ನಾಲಿಗೆ ಹಾರಿಸುವುದಿಲ್ಲ. ನಾನು ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ. ಬಾಯಿಬಿಟ್ಟು ಓದಿದ ದಿನವೇ ಅವನು ತನ್ನ ಮೇಲುಹೊದಿಕೆ ಎಸೆದು ಎದ್ದ ಅನ್ನುವ ಮಾತು ನನ್ನ ಕಿವಿಗೆ ಬಿದ್ದದ್ದು.

ಮಂಗಳವಾರ ಅಕ್ಕಪಕ್ಕ ನೋಡಿ. ಆ ಅಧ್ಯಾಯವನ್ನು ಪೂರ್ತಿ ಓದಿ, ಸಾಧ್ಯವಾದರೆ ಹಿಂದಿನ ಎರಡನ್ನೂ. ಇಲ್ಲೇ ವಿಷಯ ತೆರೆದುಕೊಳ್ಳುವುದು. ಅದೇ 10ನೇ ಅಧ್ಯಾಯದಲ್ಲಿ ಸ್ವಲ್ಪ ಮುಂಚೆ ಒಬ್ಬ ಸಿರಿವಂತ ಯೇಸುವಿನ ಹತ್ತಿರ ಓಡಿ ಬರುತ್ತಾನೆ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಅಂದಾಗ ಮುಖ ಸಣ್ಣದು ಮಾಡಿಕೊಂಡು ಹೊರಟುಹೋಗುತ್ತಾನೆ. ಅವನ ಹತ್ತಿರ ಬಹಳ ಆಸ್ತಿ ಇತ್ತು. ಬಾರ್ತಿಮಾಯನ ಹತ್ತಿರ ಇದ್ದದ್ದು ಆ ಹೊದಿಕೆ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಸೂರ್ಯ ಮುಳುಗುವ ಮುಂಚೆ ವಾಪಸ್ ಕೊಡು, ಅವನು ಮಲಗುವಾಗ ಹೊದೆಯಲು ಅದೊಂದೇ ಇರುವುದು ಅಂತ ವಿಮೋಚನಾಕಾಂಡ 22ರಲ್ಲಿ ನಿಯಮವೇ ಇದೆ. ಅಷ್ಟು ಮುಖ್ಯವಾದ ಬಟ್ಟೆಯನ್ನು ಅವನು ಎಸೆದು ಬಂದ. ಯಾಜಕಕಾಂಡದ ಕಡೆ ನಿಂತುಹೋದ ನನ್ನಂಥವರಿಗೆ ಹಳೆಯ ನಿಯಮಗಳ ಬೆಲೆ ಗೊತ್ತಾಗುವುದು ಹೀಗೆ, ಶುಭಸಂದೇಶದ ಒಂದು ಸಾಲು ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋದಾಗ.

ಇನ್ನೂ ಒಂದಿದೆ. ಬಾರ್ತಿಮಾಯನಿಗೆ ಯೇಸು ಕೇಳುವುದು, ನಾನು ನಿನಗೆ ಏನು ಮಾಡಬೇಕು ಅಂತ. ಇದೇ ಪ್ರಶ್ನೆಯನ್ನು ಹತ್ತು ಹದಿನೈದು ವಚನ ಹಿಂದೆ ಯಕೋಬ ಮತ್ತು ಯೊವಾನ್ನನಿಗೂ ಕೇಳಿದ್ದಾರೆ. ಅವರು ಬಲಗಡೆ, ಎಡಗಡೆ ಕೂರುವ ಜಾಗ ಕೇಳಿದರು. ಇವನು ಕಣ್ಣು ಕೇಳಿದ. ಜೊತೆಯಲ್ಲೇ ನಡೆದ ಶಿಷ್ಯರಿಗೆ, ಯೇಸು ಮೂರು ಸಲ ತಮ್ಮ ಮರಣದ ಬಗ್ಗೆ ಹೇಳಿದರೂ ಕಾಣಲಿಲ್ಲ, ಕುರುಡನಿಗೆ ಕಂಡಿತು. ಕಂಡ ಮೇಲೆ ಅವನು ಮನೆಗೆ ಹೋಗಲಿಲ್ಲ, ಅದೇ ದಾರಿಯಲ್ಲಿ ಯೇಸುವಿನ ಹಿಂದೆ ಹೋದ. ಆ ದಾರಿ ಜೆರುಸಲೇಮಿಗೆ ಹೋಗುತ್ತದೆ, ಶಿಲುಬೆಗೆ.

ಬುಧವಾರ ಅದೇ ಭಾನುವಾರದ ಮೊದಲ ವಾಚನ ಮತ್ತು ಕೀರ್ತನೆ. ಸಾಧಾರಣ ಕಾಲದ ಭಾನುವಾರಗಳಲ್ಲಿ ಮೊದಲ ವಾಚನವನ್ನು ಶುಭಸಂದೇಶಕ್ಕೆ ಹೊಂದುವ ಹಾಗೆ ಆರಿಸಿರುತ್ತಾರೆ. ಇಲ್ಲಿ ಅದು ಯೆರೆಮೀಯ 31: ಚದುರಿಹೋದ ಜನರನ್ನು ದೇವರು ವಾಪಸ್ ಕರೆತರುತ್ತಾರೆ, ಅವರಲ್ಲಿ ಕುರುಡರೂ ಕುಂಟರೂ ಇರುತ್ತಾರೆ. ಕೀರ್ತನೆ 126: ಕಣ್ಣೀರಿಟ್ಟು ಬಿತ್ತಿದವರು ಹಾಡುತ್ತಾ ಕೊಯ್ಯುತ್ತಾರೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿ, ಧರ್ಮಸಭೆ ಬೈಬಲನ್ನು ಹೇಗೆ ಓದುತ್ತದೆ ಅನ್ನುವುದು ಯಾವ ಪಾಠವೂ ಇಲ್ಲದೆ ಗೊತ್ತಾಗುತ್ತದೆ. ಎರಡನೇ ವಾಚನ, ಅಂದರೆ ಪತ್ರದ ಭಾಗ, ವಾರದಿಂದ ವಾರಕ್ಕೆ ತನ್ನ ಪಾಡಿಗೆ ಮುಂದುವರಿಯುತ್ತದೆ. ಅದನ್ನು ಬಲವಂತವಾಗಿ ಶುಭಸಂದೇಶಕ್ಕೆ ಗಂಟು ಹಾಕಬೇಡಿ.

ಗುರುವಾರದಿಂದ ಓದು ಕಡಿಮೆ ಮಾಡಿ. ಹನ್ನೆರಡನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗೀಗೊ ಇದನ್ನು ನಾಲ್ಕು ಮೆಟ್ಟಿಲಾಗಿ ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ಅವನ ಹೋಲಿಕೆ ಊಟದ್ದು. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿ ಎಳೆಯುತ್ತದೆ, ಧ್ಯಾನ ಅನ್ನುವುದು ಆ ಸಿಹಿಯೇ. ನಾವು ಜಾಸ್ತಿ ಮಾಡುವುದು ತುತ್ತಿನ ಮೇಲೆ ತುತ್ತು ಬಾಯಿಗಿಡುವ ಕೆಲಸ. ಅಗಿಯಬೇಕು. ಏಳು ವಚನದಲ್ಲಿ ನಿಮ್ಮನ್ನು ನಿಲ್ಲಿಸಿದ ಒಂದು ಪದ ಹಿಡಿದುಕೊಳ್ಳಿ, ಕೆಲಸದ ಮಧ್ಯೆ ಅದನ್ನು ನೆನೆಸಿಕೊಳ್ಳಿ. ಯಾವ ಪದ ಅಂತ ಲೆಕ್ಕಾಚಾರ ಬೇಡ.

ನನ್ನನ್ನು ಮೊದಲ ಸಲ ನಿಲ್ಲಿಸಿದ್ದು ಜನರ ಗುಂಪು. ಬಾರ್ತಿಮಾಯ ಕೂಗಿದಾಗ ಬಹಳ ಜನ ಸುಮ್ಮನಿರು ಅಂತ ಗದರಿಸುತ್ತಾರೆ. ಆ ವರ್ಷ ನಮ್ಮ ಮನೆಯಲ್ಲಿ ದೊಡ್ಡಮ್ಮ ಹಾಸಿಗೆ ಹಿಡಿದಿದ್ದರು. ದಿನವಿಡೀ ಒಂದೇ ಮಾತನ್ನು ಕೂಗುತ್ತಿದ್ದರು, ಯಾರದು, ಯಾರು ಬಂದದ್ದು ಅಂತ. ನಾನು ಪಕ್ಕದ ಕೋಣೆಯಿಂದಲೇ, ಯಾರೂ ಇಲ್ಲ ಸುಮ್ಮನಿರಿ ದೊಡ್ಡಮ್ಮ ಅಂತ ಉತ್ತರ ಕೊಡುತ್ತಿದ್ದೆ. ಗುರುವಾರ ಮಧ್ಯಾಹ್ನ ಆ ವಚನ ನೆನಪಾಯಿತು. ಗದರಿಸುತ್ತಿದ್ದವರಲ್ಲಿ ನಾನೂ ಇದ್ದೆ. ಆಮೇಲೆ ಪ್ರಾರ್ಥನೆಗೆ ಬೇರೆ ಮಾತೇ ಬೇಕಾಗಲಿಲ್ಲ, ನನ್ನ ಮೇಲೆ ಕರುಣೆ ಇಡು ಅಂತ ಅವನು ಕೂಗಿದ ಮಾತೇ ಸಾಕಾಯಿತು. ಪ್ರತಿ ಪೂಜೆಯ ಶುರುವಿನಲ್ಲಿ ಪ್ರಭುವೇ ಕರುಣೆ ಇಡು ಅಂತ ನಾವು ಹೇಳುವುದರಲ್ಲೂ ಇಂಥವರದೇ ಕೂಗು ಇದೆ.

ಗೀಗೊ ಹೇಳಿದ ನಾಲ್ಕರ ಜೊತೆ ಪೋಪ್ 16ನೇ ಬೆನೆಡಿಕ್ಟ್ 2010ರಲ್ಲಿ ಒಂದು ಮಾತು ಸೇರಿಸಿ ಹೇಳಿದರು, ಈ ಓದು ಕೈಗೆ ಇಳಿಯುವವರೆಗೂ ಮುಗಿಯುವುದಿಲ್ಲ ಅಂತ. ಹಾಗಾಗಿ ಶನಿವಾರಕ್ಕೆ ಒಂದು ಕೆಲಸ ಇಟ್ಟುಕೊಳ್ಳಿ. ಚಿಕ್ಕದು, ಅವತ್ತೇ ಮುಗಿಯುವಂಥದ್ದು. ನಾನು ದೊಡ್ಡಮ್ಮನ ಪಕ್ಕ ಕೂತು ಯೇಸು ಕೇಳಿದ ಪ್ರಶ್ನೆಯನ್ನೇ ಕೇಳಿದೆ, ನಿಮಗೆ ನಾನು ಏನು ಮಾಡಬೇಕು ದೊಡ್ಡಮ್ಮ? ಹಾಸಿಗೆಯನ್ನು ತಿರುಗಿಸು, ಕಿಟಕಿ ಕಾಣಬೇಕು, ಯಾರು ಬರುತ್ತಾರೆ ಅಂತ ನೋಡಬೇಕು ಅಂದರು. ಐದು ನಿಮಿಷದ ಕೆಲಸ. ತಿಂಗಳುಗಟ್ಟಲೆ ಯಾರೂ ಕೇಳಿರಲಿಲ್ಲ.

ಅರ್ಥ ಆಗದಿದ್ದರೆ

ಅರ್ಥ ಆಗದ ಭಾಗ ಬಂದೇ ಬರುತ್ತದೆ. ಪ್ರೇಷಿತರ ಕಾರ್ಯಕಲಾಪಗಳು 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ದೊಡ್ಡ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಓದುತ್ತಿರುವುದು ಅರ್ಥ ಆಗುತ್ತಿದೆಯಾ ಅಂತ ಫಿಲಿಪ್ಪ ಕೇಳುತ್ತಾನೆ. ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಆಗುತ್ತದೆ ಅನ್ನುತ್ತಾನೆ ಅವನು, ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಕಥೋಲಿಕರು ಬೈಬಲ್ ಓದುವ ರೀತಿ ಇದು. ಒಬ್ಬರೇ ಕೂತು ಓದಿದರೂ ಒಬ್ಬರೇ ಓದುವುದಿಲ್ಲ. ಪ್ರೇಷಿತರಿಂದ ಬಂದ ವಿಶ್ವಾಸ ಬರಹದಲ್ಲೂ ಇದೆ, ಧರ್ಮಸಭೆಯ ಬದುಕು, ಪ್ರಾರ್ಥನೆ, ಬೋಧನೆಯಲ್ಲೂ ಇದೆ. ಪವಿತ್ರ ಗ್ರಂಥ ಮತ್ತು ಪವಿತ್ರ ಪರಂಪರೆ ಒಂದೇ ಬುಗ್ಗೆಯಿಂದ ಹರಿಯುತ್ತವೆ ಅಂತ 1965ರ ನವೆಂಬರ್ 18ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೇಯಿ ವೆರ್ಬುಮ್ ಅನ್ನುವ ದಾಖಲೆ ಹೇಳುತ್ತದೆ. ಬರೀ 26 ಪ್ಯಾರಾ, ಒಂದು ಸಂಜೆ ಓದಿ ಮುಗಿಸಬಹುದು. ಧರ್ಮಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಿಲ್ಲ, ಅದರ ಸೇವೆ ಮಾಡುತ್ತದೆ ಅನ್ನುವ ಮಾತೂ ಅದರಲ್ಲೇ ಇದೆ. ಇದನ್ನು ತಿಳಿಯದೆ ಬಹಳ ಜನ ಕಥೋಲಿಕರಿಗೆ ಪೋಪ್ ದೊಡ್ಡವರು, ಬೈಬಲ್ ಆಮೇಲೆ ಅಂದುಕೊಂಡಿರುತ್ತಾರೆ.

ಕೈಯಲ್ಲಿ ಇಟ್ಟುಕೊಳ್ಳಲು ನಾಲ್ಕು ಪ್ರಶ್ನೆ ಕೊಡುತ್ತೇನೆ. ಇದು ಯಾವ ಬಗೆಯ ಬರಹ? ಪದ್ಯವೋ, ಕಾನೂನೋ, ಪತ್ರವೋ, ದರ್ಶನವೋ? ನದಿಗಳು ಚಪ್ಪಾಳೆ ತಟ್ಟಲಿ ಅಂತ ಕೀರ್ತನೆ ಹೇಳಿದರೆ ನದಿಗೆ ಕೈ ಹುಡುಕುವುದಿಲ್ಲ ನಾವು. ಬರೆದವನ ಕಾಲದ ರೀತಿಯನ್ನು, ಬರಹದ ಬಗೆಯನ್ನು ನೋಡಿ ಓದಿ ಅಂತ 1943ರಲ್ಲೇ ಪೋಪ್ 12ನೇ ಪಿಯುಸ್ ಒತ್ತಿ ಹೇಳಿದ್ದರು. ಎರಡನೆಯದು, ಇಡೀ ಬೈಬಲ್ ಜೊತೆ ಇದು ಹೇಗೆ ಕೂಡುತ್ತದೆ? ಯೆಹೋಶುವ ಗ್ರಂಥದ ಯುದ್ಧಗಳನ್ನು ಓದಿ ಅಲ್ಲಿಗೇ ಪುಸ್ತಕ ಮುಚ್ಚಿದರೆ ದೇವರ ಬಗ್ಗೆ ತಪ್ಪು ಚಿತ್ರ ಉಳಿಯುತ್ತದೆ, ಶತ್ರುವನ್ನೂ ಪ್ರೀತಿಸಿ ಅಂದ ಯೇಸುವಿನವರೆಗೆ ಓದಬೇಕು. ಮೂರನೆಯದು, ಧರ್ಮಸಭೆ ಇದನ್ನು ಹೇಗೆ ಓದುತ್ತಾ ಬಂದಿದೆ? ನಾಲ್ಕನೆಯದು, ನಾನು ತೆಗೆದ ಅರ್ಥ ನಾವು ನಂಬುವ ಉಳಿದ ಸತ್ಯಗಳಿಗೆ ಹೊಂದುತ್ತದಾ? ಇಷ್ಟೂ ಕೇಳಿದ ಮೇಲೂ ಉತ್ತರ ಸಿಗದಿದ್ದರೆ ಕಾಗದದ ಮೇಲೆ ಬರೆದಿಟ್ಟು ಗುರುಗಳನ್ನು ಕೇಳಿ. ಸಂಕೋಚ ಬೇಡ. ಒಳ್ಳೆಯ ಪ್ರಶ್ನೆ ತಂದವರನ್ನು ಕಂಡರೆ ಅವರಿಗೂ ಖುಷಿಯಾಗುತ್ತದೆ.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಕಣ್ಣು ಮುಚ್ಚಿ ಎಲ್ಲೋ ಒಂದು ಪುಟ ತೆರೆದು, ಬೆರಳು ಬಿದ್ದ ವಚನವೇ ಇವತ್ತು ದೇವರು ನನಗೆ ಕೊಟ್ಟ ಉತ್ತರ ಅನ್ನುವುದು. ಸಂತ ಅಗಸ್ಟಿನ್ ಹಾಗೆ ಮಾಡಲಿಲ್ವಾ ಅಂತ ಕೇಳುತ್ತಾರೆ. 386ರಲ್ಲಿ ಮಿಲಾನಿನ ತೋಟದಲ್ಲಿ, ತೆಗೆದು ಓದು ಅನ್ನುವ ಮಗುವಿನ ದನಿ ಕೇಳಿ ಅವನು ಪುಸ್ತಕ ತೆರೆದದ್ದು ನಿಜ. ಆದರೆ ಅದು ಅವನು ಆಗಲೇ ಓದುತ್ತಿದ್ದ ಪೌಲನ ಪತ್ರಗಳು. ಅದಕ್ಕೂ ಮುಂಚಿನಿಂದ ಬಿಷಪ್ ಅಂಬ್ರೋಸ್ ಹಳೆಯ ಒಡಂಬಡಿಕೆಯನ್ನು ಬಿಡಿಸಿ ಹೇಳುವುದನ್ನು ಭಾನುವಾರ ಭಾನುವಾರ ಕೂತು ಕೇಳಿದ್ದ. ನೆಲ ಹದವಾಗಿತ್ತು. ಮರುವರ್ಷ ಪಾಸ್ಕ ಹಬ್ಬದಲ್ಲಿ ಅದೇ ಅಂಬ್ರೋಸ್ ಕೈಯಿಂದ ದೀಕ್ಷಾಸ್ನಾನ ಪಡೆದ.

ಹಾಗೆಯೇ ವಚನಗಳನ್ನು ಕಲ್ಲಿನ ಹಾಗೆ ಎಸೆಯುವುದೂ ಬೇಡ. ಒಮ್ಮೆ ಮನೆಯ ಜಗಳದಲ್ಲಿ ನನ್ನ ತಮ್ಮನ ಮೇಲೆ ಒಂದು ವಚನ ಎಸೆದೆ. ಸರಿಯಾದ ವಚನವೇ. ಅವನು ಆಮೇಲೆ ಎಷ್ಟೋ ತಿಂಗಳು ನನ್ನ ಎದುರು ಬೈಬಲ್ ಮುಟ್ಟಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಪ್ರಾರ್ಥನೆ ಬರದ ದಿನ

ಕೆಲವು ವಾರ ಯಾವ ಕ್ರಮವೂ ನಡೆಯುವುದಿಲ್ಲ. ಮನೆಯಲ್ಲಿ ಕಾಯಿಲೆ, ಸಾವು, ಕೆಲಸ ಹೋಗಿರುತ್ತದೆ. ಆಗ ಕೀರ್ತನೆಗಳಿಗೆ ಹೋಗಿ. 150 ಇವೆ, ಅದರಲ್ಲಿ ಗೋಳು ತೋಡಿಕೊಳ್ಳುವ ಕೀರ್ತನೆಗಳೇ ಬಹಳ. ಅಪ್ಪನ ಕೊನೆಯ ದಿನಗಳಲ್ಲಿ ಹಾಸಿಗೆ ಪಕ್ಕ ಕೂತಾಗ ನನಗೆ ಸಮಾಧಾನದ ಕೀರ್ತನೆ ಓದಲು ಆಗುತ್ತಿರಲಿಲ್ಲ, ಗಂಟಲು ಕಟ್ಟುತ್ತಿತ್ತು. 88ನೆಯದು ಓದಲು ಆಯಿತು. ಉಳಿದ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ವಲ್ಪ ಬೆಳಕಿನ ಕಡೆ ತಿರುಗುತ್ತವೆ, ಇದು ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಧರ್ಮಸಭೆ ಅದನ್ನು ಮುಚ್ಚಿಟ್ಟಿಲ್ಲ, ದೈನಂದಿನ ಪ್ರಾರ್ಥನಾ ವಿಧಿಯಲ್ಲಿ ಶುಕ್ರವಾರ ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆಗೆ ಅದನ್ನೇ ಇಟ್ಟಿದೆ. ಅದೇ ರಾತ್ರಿ ಲೋಕದ ಎಷ್ಟೋ ಕಡೆ ಗುರುಗಳು, ಸನ್ಯಾಸಿನಿಯರು ಅದೇ ಮಾತುಗಳನ್ನು ಹೇಳುತ್ತಿದ್ದರು ಅಂತ ನೆನೆದಾಗ ನನಗೆ ಒಂಟಿ ಅನ್ನಿಸಲಿಲ್ಲ.

ಪುಸ್ತಕ ತೆರೆಯಲೂ ಆಗದಿದ್ದರೆ ಜಪಮಾಲೆ ಹಿಡಿಯಿರಿ. ನಮೋ ಮರಿಯಾ ಪ್ರಾರ್ಥನೆಯ ಮೊದಲ ಅರ್ಧ ಲೂಕನ ಮೊದಲ ಅಧ್ಯಾಯದ್ದೇ, ದೂತ ಗಬ್ರಿಯೇಲ ಮತ್ತು ಎಲಿಜಬೇತಳ ಮಾತು. ಪರಮಪ್ರಸಾದ ಸ್ವೀಕರಿಸುವ ಮುಂಚೆ ಪ್ರಭುವೇ ನಾನು ಯೋಗ್ಯನಲ್ಲ ಅನ್ನುತ್ತೇವಲ್ಲ, ಅದು ಮತ್ತಾಯ 8ರ ಶತಾಧಿಪತಿಯ ಮಾತು. ನಮಗೆ ಬೈಬಲ್ ಬಾಯಿಗೆ ಬರುವುದಿಲ್ಲ ಅಂತ ಕಥೋಲಿಕರು ಹೇಳಿಕೊಳ್ಳುವುದುಂಟು. ಬರುತ್ತದೆ, ಎಲ್ಲಿಂದ ಬಂತು ಅನ್ನುವುದು ಗೊತ್ತಿರುವುದಿಲ್ಲ ಅಷ್ಟೇ.

ಭಾನುವಾರದ ಭಾಗ ಕೈಗೆ ಹತ್ತಿದ ಮೇಲೆ ಹಸಿವು ಜಾಸ್ತಿ ಆಗುತ್ತದೆ. ಆಗ ಒಂದು ಇಡೀ ಗ್ರಂಥ ತೆಗೆದುಕೊಳ್ಳಿ. ಮಾರ್ಕ ಮೊದಲು, 16 ಅಧ್ಯಾಯ, ಒಂದೇ ಪಟ್ಟಿಗೆ ಕೂತರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಲೂಕ, ಅದರ ಬೆನ್ನಿಗೇ ಪ್ರೇಷಿತರ ಕಾರ್ಯಕಲಾಪಗಳು, ಎರಡನ್ನೂ ಬರೆದವನು ಒಬ್ಬನೇ. ಹಳೆಯ ಒಡಂಬಡಿಕೆಯಲ್ಲಿ ರೂತ್, ಯೋನ, ತೊಬೀತ ಚಿಕ್ಕವು, ಕಥೆಯಾಗಿ ಓದಿಸಿಕೊಳ್ಳುತ್ತವೆ. ಪ್ರಕಟನೆಯನ್ನು ಕೊನೆಗಿಡಿ. ಹಳೆಯ ಪ್ರವಾದಿಗಳ ಪರಿಚಯ ಇಲ್ಲದೆ ಓದಿದರೆ ಬರೀ ಭಯ ಹುಟ್ಟುತ್ತದೆ.

ಭಾನುವಾರ

ಪೂಜೆಗೆ ಹೋದಾಗ ಕೈಯಲ್ಲಿ ವಾಚನದ ಹಾಳೆ ಹಿಡಿದು ಕಣ್ಣು ಅದರ ಮೇಲಿಡಬೇಡಿ. ವಾರವಿಡೀ ಓದಿದ್ದೀರಿ, ಈಗ ಕೇಳಿ. ಶುಭಸಂದೇಶಕ್ಕೆ ಎದ್ದು ನಿಂತು ಹಣೆ, ತುಟಿ, ಎದೆಯ ಮೇಲೆ ಮೂರು ಚಿಕ್ಕ ಶಿಲುಬೆ ಹಾಕುತ್ತೇವೆ. ಅಭ್ಯಾಸಬಲದಿಂದ ಅದು ಒಂದೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನಿಧಾನವಾಗಿ ಮಾಡಿ: ಈ ಮಾತು ನನ್ನ ತಲೆಯಲ್ಲಿರಲಿ, ಬಾಯಲ್ಲಿರಲಿ, ಎದೆಯಲ್ಲಿರಲಿ. ಓದಿ ಮುಗಿಸಿ ಗುರುಗಳು ಪುಸ್ತಕಕ್ಕೆ ಮುತ್ತಿಡುತ್ತಾರೆ. ಪ್ರಭುವಿನ ದೇಹವನ್ನು ಗೌರವಿಸುವ ಹಾಗೆಯೇ ಧರ್ಮಸಭೆ ಪವಿತ್ರ ಗ್ರಂಥವನ್ನೂ ಎಂದಿನಿಂದಲೂ ಗೌರವಿಸಿದೆ ಅಂತ ಮಹಾಸಭೆ ಹೇಳಿದ ಮಾತನ್ನು ನೀವು ಆ ಮುತ್ತಿನಲ್ಲಿ ಕಣ್ಣಾರೆ ನೋಡುತ್ತೀರಿ. ಆಮೇಲೆ ಬಲಿಪೀಠದ ಕಡೆ ಗಮನ ತಿರುಗುತ್ತದೆ. ಎಮ್ಮಾವು ದಾರಿಯಲ್ಲಿ ಆ ಇಬ್ಬರು ಶಿಷ್ಯರಿಗೂ ಹೀಗೇ ಆಯಿತು, ದಾರಿಯುದ್ದಕ್ಕೂ ಯೇಸು ಗ್ರಂಥಗಳನ್ನು ಬಿಡಿಸಿ ಹೇಳಿದರು, ಎದೆ ಉರಿಯಿತು, ಆದರೆ ಗುರುತು ಸಿಕ್ಕಿದ್ದು ರೊಟ್ಟಿ ಮುರಿದಾಗ.

ಪ್ರಬೋಧನೆ ಯಾವಾಗಲೂ ನೀವು ನಿಂತ ಪದವನ್ನೇ ಮುಟ್ಟುವುದಿಲ್ಲ. ಆದರೂ ಕೇಳಿ. ವಾರವಿಡೀ ಓದಿಕೊಂಡು ಹೋದವರ ಕಿವಿ ಬೇರೆ ಇರುತ್ತದೆ.

ಒಂದು ವಾರ ತಪ್ಪಿದರೆ, ಎರಡು ವಾರ ತಪ್ಪಿದರೆ, ಹಿಂದಿನದನ್ನು ತುಂಬಿಸಲು ಹೋಗಬೇಡಿ. ಮುಂದಿನ ಭಾನುವಾರದ ಪುಟ ತೆರೆಯಿರಿ ಅಷ್ಟೇ. ತಪ್ಪಿದ್ದು ಮೂರು ವರ್ಷಕ್ಕೆ ಮತ್ತೆ ಬರುತ್ತದೆ. ಅದಕ್ಕೇ ನಾನು ಅಂಚಿನಲ್ಲಿ ಜಾಗ ಇರಲಿ ಅಂದದ್ದು, ನಿಂತ ಪದವನ್ನೂ ಆ ವರ್ಷವನ್ನೂ ಪೆನ್ಸಿಲ್‌ನಲ್ಲಿ ಗುರುತು ಮಾಡಿಡಿ. ಬಾರ್ತಿಮಾಯನ ಭಾಗ ಮೂರು ವರ್ಷದ ನಂತರ ಮತ್ತೆ ಬಂದಾಗ ನನ್ನ ಬೈಬಲ್‌ನ ಅಂಚಿನಲ್ಲಿ ‘ಕಿಟಕಿ’ ಅಂತ ಒಂದೇ ಪದ ಇತ್ತು. ದೊಡ್ಡಮ್ಮ ಆಗ ಇರಲಿಲ್ಲ. ಆ ವಾರ ನನ್ನನ್ನು ನಿಲ್ಲಿಸಿದ್ದು ಬೇರೆ ಮಾತು, ಅದೇ ಗುಂಪಿನವರು ಆಮೇಲೆ ಕುರುಡನಿಗೆ ಹೇಳುತ್ತಾರಲ್ಲ, ಧೈರ್ಯವಾಗಿರು, ಏಳು, ನಿನ್ನನ್ನು ಕರೆಯುತ್ತಿದ್ದಾರೆ ಅಂತ. ಅದನ್ನು ‘ಕಿಟಕಿ’ಯ ಕೆಳಗೆ ಬರೆದೆ.